ಎರಡೂವರೆ ವರ್ಷದ ಮಗನ ಜೊತೆ ಹೋಳಿ, ಯುಗಾದಿ, ಜಾತ್ರೆ: ದಾವಣಗೆರೆ, ಚಿತ್ರದುರ್ಗದವರು ನಿಮ್ಮ ಅನುಭವ ಹೇಳಿ

ಕೇಳಿದ್ದು

ನಮಸ್ಕಾರ. ವರ್ಗಾವಣೆಯಾಗಿ ದಾವಣಗೆರೆಗೆ ಬಂದು ಆರು ತಿಂಗಳಾಯಿತು. ಮಗನಿಗೆ ಎರಡೂವರೆ ವರ್ಷ. ಊರಲ್ಲಿ ಅತ್ತೆ, ಅತ್ತಿಗೆ ಎಲ್ಲ ಇದ್ದಾಗ ಹಬ್ಬ ಹೇಗೆ ಆಗುತ್ತಿತ್ತೋ ಗೊತ್ತೇ ಆಗುತ್ತಿರಲಿಲ್ಲ. ಇಲ್ಲಿ ನಾವು ಮೂರೇ ಜನ. ಸಂಕ್ರಾಂತಿ ದಿನ ಅವನಿಗೆ ಎಲ್ಲ ತೋರಿಸಬೇಕು ಅಂತ ಮೂರು ಕಡೆ ಸುತ್ತಿಸಿದೆವು. ಸಂಜೆ ಒಂದೇ ಸಮನೆ ಅತ್ತ. ರಾತ್ರಿ ಊಟವನ್ನೂ ಮಾಡದೆ ಮಲಗಿದ. ಈಗ ಹೋಳಿ, ಯುಗಾದಿ, ರಾಮನವಮಿ ಸಾಲಾಗಿ ಬರುತ್ತಿವೆ. ಬಿಸಿಲೂ ಶುರುವಾಗಿದೆ. ಇಷ್ಟು ಚಿಕ್ಕ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು? ಮನೆಯಲ್ಲಿ ಹಬ್ಬ ಹೇಗೆ ಮಾಡಬಹುದು? ನೀವು ಮಾಡಿ ನೋಡಿದ್ದನ್ನು ಹೇಳಿ.

ದಾವಣಗೆರೆಯಿಂದ, ಇಬ್ಬರು ಮಕ್ಕಳ ತಾಯಿ

ನಿಮ್ಮ ಸಂಕ್ರಾಂತಿ ಕಥೆ ಓದಿ ನಮ್ಮ ಮನೆಯ ಮೊದಲ ಯುಗಾದಿ ನೆನಪಾಯಿತು. ಮಗಳಿಗೆ ಆಗ ಎರಡು ವರ್ಷ. ಬೆಳಿಗ್ಗೆ ಎಣ್ಣೆ ಸ್ನಾನ, ಆಮೇಲೆ ಎರಡು ದೇವಸ್ಥಾನ, ಮಧ್ಯಾಹ್ನ ನೆಂಟರ ಮನೆ ಊಟ. ಎಣ್ಣೆ ಸ್ನಾನ ಮಾಡಿಸಿದ ಮಗು ಒಂದು ಗಂಟೆಯಲ್ಲಿ ತೂಕಡಿಸುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ. ದೇವಸ್ಥಾನದ ಸಾಲಿನಲ್ಲಿ ನಿದ್ದೆಗಣ್ಣಲ್ಲಿ ಅತ್ತಳು. ಹೊಸ ಲಂಗದ ಜರಿ ಚುಚ್ಚುತ್ತಿತ್ತು ಅಂತ ಗೊತ್ತಾಗಿದ್ದು ಮನೆಗೆ ಬಂದು ಬಿಚ್ಚಿದಾಗ. ಸೊಂಟದ ಸುತ್ತ ಕೆಂಪಗೆ ಗೆರೆ ಎದ್ದಿತ್ತು.

ಆಮೇಲಿಂದ ಒಂದು ಹಬ್ಬಕ್ಕೆ ಮಗುವಿಗೆ ಒಂದು ಕೆಲಸ ಕೊಡುತ್ತೇನೆ, ಅಷ್ಟೇ. ನೋಡುತ್ತಾ ನಿಲ್ಲುವುದು ಅವರಿಗೆ ಬೇಜಾರು. ಕೈಗೆ ಏನಾದರೂ ಕೊಟ್ಟರೆ ಖುಷಿ. ಯುಗಾದಿಗೆ ಮಾವಿನೆಲೆ ತೊಳೆಯುವ ಕೆಲಸ ಮಗನದು. ಒಂದು ಬೋಗುಣಿ ನೀರು, ಹತ್ತು ಎಲೆ. ಅರ್ಧ ಗಂಟೆ ಅಲ್ಲೇ ಕೂತಿರುತ್ತಾನೆ. ತೋರಣ ಕಟ್ಟುವಾಗ ಒಂದೊಂದೇ ಎಲೆ ಎತ್ತಿ ಕೊಡುತ್ತಾನೆ. ಸ್ನಾನದ ನೀರಿಗೆ ಬೇವಿನ ಸೊಪ್ಪು ಹಾಕುವುದೂ ಅವನೇ. ಹೋಳಿಗೆಗೆ ಕಣಕ ನಾದುವಾಗ ನಿಂಬೆಹಣ್ಣಿನಷ್ಟು ಉಂಡೆ ಕೊಟ್ಟುಬಿಡಿ. ಅದು ಕಪ್ಪಗಾಗುವವರೆಗೆ ತಟ್ಟುತ್ತಾರೆ. ಒಲೆ ಹತ್ತಿರ ಮಾತ್ರ ಬಿಡಬೇಡಿ. ಹಂಚಿನ ಮೇಲಿನ ಹೂರಣ ಅಂಟಿದರೆ ಜೋರಾಗಿ ಸುಡುತ್ತದೆ.

ದಿನದ ಲೆಕ್ಕ ಹೀಗೆ ಹಾಕಿ. ಎಂಟಕ್ಕೆ ಸ್ನಾನ, ಒಂಬತ್ತಕ್ಕೆ ಬೇವು ಬೆಲ್ಲ, ಹೊಟ್ಟೆ ತುಂಬ ಊಟ, ನಿದ್ದೆ. ಎದ್ದ ಮೇಲೆ ಸಂಜೆ ಐದಕ್ಕೆ ದೇವಸ್ಥಾನ. ಬೆಳಗಿನ ನೂಕುನುಗ್ಗಲು ಅಷ್ಟೊತ್ತಿಗೆ ಇರುವುದಿಲ್ಲ. ದೇವರು ಸಂಜೆಯೂ ಅಲ್ಲೇ ಇರುತ್ತಾನೆ ಅಲ್ವಾ?

ಇನ್ನೊಂದು ಮರೆಯಬೇಡಿ. ಯುಗಾದಿ ಮಾರನೇ ದಿನ ನಮ್ಮ ಕಡೆ ಚಂದ್ರನನ್ನು ನೋಡುತ್ತಾರೆ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹಬ್ಬ ನನಗೆ ಗೊತ್ತಿಲ್ಲ. ಖರ್ಚಿಲ್ಲ, ಜನ ಇಲ್ಲ, ಬಿಸಿಲಿಲ್ಲ. ಸೂರ್ಯ ಮುಳುಗಿದ ಕೂಡಲೇ ಪಡುವಣ ದಿಕ್ಕು ಕಾಣುವ ಮಾಳಿಗೆ ಮೇಲೆ ಹೋಗಿ. ಉಗುರಿನ ಚೂರಿನಷ್ಟು ತೆಳ್ಳಗೆ ಇರುತ್ತಾನೆ. ಜಾಸ್ತಿ ಹೊತ್ತು ಇರುವುದಿಲ್ಲ, ಸೂರ್ಯನ ಹಿಂದೆಯೇ ಮುಳುಗುತ್ತಾನೆ. ಅದಕ್ಕೇ ಮಗುವಿಗೆ ಮೊದಲೇ ಏನಾದರೂ ತಿನ್ನಿಸಿ ರೆಡಿ ಇರಿ. ನೋಡಿದ ಮೇಲೆ ದೊಡ್ಡವರ ಕಾಲಿಗೆ ನಮಸ್ಕಾರ ಮಾಡುವ ಪದ್ಧತಿ. ನಿಮ್ಮ ಅತ್ತೆ ಊರಲ್ಲಿದ್ದರೆ ವಿಡಿಯೋ ಕಾಲ್ ಮಾಡಿ. ಅವರಿಗೂ ಅದೇ ಚಂದ್ರ ಕಾಣುತ್ತಾನೆ. ನಮ್ಮ ಅತ್ತೆ ಹಾಗೆ ಒಂದು ವರ್ಷ ಆಸ್ಪತ್ರೆಯ ಕಿಟಕಿಯಿಂದ ನೋಡಿ ಮೊಮ್ಮಗಳನ್ನು ಹರಸಿದರು. ಅವಳು ಇವತ್ತಿಗೂ ‘ಅಜ್ಜಿ ಚಂದ್ರ’ ಅಂತಲೇ ಕರೆಯುತ್ತಾಳೆ.

ಹೋಳಿ ಬಗ್ಗೆ. ಇಲ್ಲಿ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಜೋರು ಹೋಳಿ. ಹುಡುಗರಿಗೆ ಅದೇ ದೊಡ್ಡ ಸಂಭ್ರಮ. ಈ ವಯಸ್ಸಿನ ಮಗುವಿಗೆ ಅದು ಬೇಡ. ಧ್ವನಿವರ್ಧಕ, ಬೈಕು, ಯಾವ ಬಣ್ಣ ಯಾರ ಕಣ್ಣಿಗೆ ಬೀಳುತ್ತದೋ ಹೇಳಲು ಬರುವುದಿಲ್ಲ. ನಾವು ಮನೆ ಹಿತ್ತಲಲ್ಲೇ ಆಡುತ್ತೇವೆ. ಈ ಕಾಲಕ್ಕೆ ಮುತ್ತುಗದ ಮರ ಎಲೆ ಉದುರಿಸಿ ಪೂರ್ತಿ ಕೇಸರಿ ಹೂ ಬಿಟ್ಟಿರುತ್ತದೆ. ಊರ ಹೊರಗೆ ಹೋದರೆ ಮರದ ಬುಡದಲ್ಲಿ ಉದುರಿ ಬಿದ್ದ ಹೂ ಸಿಗುತ್ತದೆ. ಕುದಿಸಿ ರಾತ್ರಿಯಿಡೀ ಬಿಟ್ಟರೆ ನೀರು ಕೇಸರಿ ಹಳದಿಯಾಗುತ್ತದೆ. ಬೀಟ್‌ರೂಟ್ ಕುದಿಸಿದ ನೀರು ಗುಲಾಬಿ. ಎರಡು ಬಕೆಟ್, ಒಂದು ಲೋಟ, ಹಳೇ ಅಂಗಿ. ಮೊದಲೇ ಮೈಗೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ. ಕಾಮನನ್ನು ಸುಡುವುದನ್ನು ದೂರದಿಂದ ತೋರಿಸಿದೆವು, ಹೊಗೆಗೆ ಕೆಮ್ಮಿದ. ಮುಂದಿನ ವರ್ಷದಿಂದ ಬಿಟ್ಟೆವು.

ಸುತ್ತಾಟಕ್ಕೆ ಸಂಜೆ ಹೊತ್ತು ಕುಂದುವಾಡ ಕೆರೆ, ಗಾಜಿನ ಮನೆ. ಓಡಾಡಲು ಜಾಗ ಇದೆ. ಆನಗೋಡಿನಲ್ಲಿ ಚಿಕ್ಕ ಪ್ರಾಣಿ ಸಂಗ್ರಹಾಲಯ ಇದೆ, ಹೈವೇ ಪಕ್ಕ. ದೊಡ್ಡ ಝೂ ಅಲ್ಲ ಅನ್ನುವುದೇ ಅದರ ಒಳ್ಳೆಯ ಗುಣ. ಮಗು ಸುಸ್ತಾಗುವ ಮೊದಲೇ ಮುಗಿಯುತ್ತದೆ. ಜಿಂಕೆ ಮುಂದೆಯೇ ಅರ್ಧ ಗಂಟೆ ನಿಂತರೆ ನಿಲ್ಲಲಿ ಬಿಡಿ. ಉಳಿದದ್ದು ಇನ್ನೊಂದು ಸಲ.

ನಮ್ಮ ಮಕ್ಕಳು ಇವತ್ತಿಗೂ ಕೇಳುವುದು ಹರಿಹರದ ರೈಲು. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಪ್ಯಾಸೆಂಜರ್ ಹತ್ತಿ ಕೂತು, ಒಂದು ಚಕ್ಕುಲಿ ಮುಗಿಯುವಷ್ಟರಲ್ಲಿ ಸ್ಟೇಷನ್ ಬರುತ್ತದೆ. ಅಲ್ಲಿಂದ ಆಟೋದಲ್ಲಿ ಹರಿಹರೇಶ್ವರ ದೇವಸ್ಥಾನ. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ನುಣುಪು ಕಂಬಗಳ ಮಂಟಪ ಬೇಸಿಗೆಯಲ್ಲೂ ತಂಪು. ನನ್ನ ಮಗ ಪ್ರತಿ ಕಂಬಕ್ಕೂ ಕೆನ್ನೆ ಒತ್ತಿ ಒತ್ತಿ ನೋಡಿದ. ಅರ್ಧ ಶಿವ, ಅರ್ಧ ವಿಷ್ಣು ಅಂತ ತೋರಿಸಿದರೆ ‘ಎರಡು ಮಾಮಿ’ ಅಂದ. ಹೊಳೆ ಹತ್ತಿರವೇ ಇದೆ. ಬೇಸಿಗೆಯಲ್ಲಿ ನೀರು ಕಡಿಮೆ ಕಂಡರೂ ಮರಳಿನ ಗುಂಡಿ ಇರುತ್ತವೆ. ಮಗುವನ್ನು ನೀರಿಗೆ ಇಳಿಸಬೇಡಿ.

ಚಿತ್ರದುರ್ಗದಿಂದ, ಒಬ್ಬ ತಂದೆ

ಅಕ್ಕ ಹೇಳಿದ್ದು ನಿಜ. ದುರ್ಗಕ್ಕೆ ಬರುವುದಾದರೆ ನನ್ನದೊಂದು ಮಾತು. ಬೆಳಿಗ್ಗೆ ಬೇಗ ಬನ್ನಿ. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ, ಒಂದೇ ಹೈವೇ. ಏಳಕ್ಕೆ ಕೋಟೆ ಒಳಗಿದ್ದು ಒಂಬತ್ತೂವರೆಗೆ ಹೊರಗೆ ಬಂದುಬಿಡಿ. ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತದೆ. ಕೆಳಗಿಂದಲೂ ಬಿಸಿ, ಮೇಲಿಂದಲೂ ಬಿಸಿ. ಒಂದು ಸಲ ನನ್ನ ಮಗಳು ಚಪ್ಪಲಿ ಬಿಚ್ಚಿ ಓಡಿದಳು, ಎರಡು ಹೆಜ್ಜೆಗೆ ಅಂಗಾಲು ಕೆಂಪಾಯಿತು. ತಪ್ಪು ನನ್ನದು, ಹನ್ನೊಂದು ಗಂಟೆಗೆ ಕರೆದುಕೊಂಡು ಹೋಗಿದ್ದೆ.

ಏಳು ಸುತ್ತಿನ ಕೋಟೆ ಅಂತ ಏಳೂ ಸುತ್ತು ನೋಡಲು ಹೋಗಬೇಡಿ. ಮಗುವಿನ ಕೋಟೆ ಬೇರೆ ಇರುತ್ತದೆ. ಬಾಗಿಲು ದಾಟಿದ ಕೂಡಲೇ ದಾರಿ ಹಾವಿನ ಹಾಗೆ ತಿರುಗುತ್ತದೆ. ಶತ್ರು ನೇರವಾಗಿ ನುಗ್ಗಬಾರದು, ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಕಟ್ಟಿದ್ದು. ಮಕ್ಕಳಿಗೆ ಅದು ಕಣ್ಣಾಮುಚ್ಚಾಲೆಗೆ ಹೇಳಿ ಮಾಡಿಸಿದ ಜಾಗ. ಸಿಡಿಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ತೋರಿಸಿ. ‘ಇದು ಯಾರ ಮಿಕ್ಸಿ’ ಅಂತ ಮಗಳು ಕೇಳಿದ್ದಳು.

ಒನಕೆ ಓಬವ್ವನ ಕಿಂಡಿಗೆ ಹೋಗಿ, ಕಥೆ ಅಲ್ಲೇ ಕೂತು ಹೇಳಿ. ಗಂಡ ಕಾವಲು ಬಿಟ್ಟು ಊಟಕ್ಕೆ ಬಂದಿದ್ದ. ಓಬವ್ವ ನೀರು ತರಲು ಹೋದಳು. ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ತೂರಿ ಬರುತ್ತಿದ್ದರು. ಒನಕೆ ತಂದಳು. ಎರಡೂವರೆ ವರ್ಷದವನಿಗೆ ಅಷ್ಟು ಸಾಕು. ಉಳಿದದ್ದನ್ನು ಅವನು ದೊಡ್ಡವನಾದ ಮೇಲೆ ಹೇಳಬಹುದು. ತುಪ್ಪದ ಕೊಳದ ಬಂಡೆ ಹತ್ತುವುದು ಬೇಡ, ಮಗುವನ್ನು ಎತ್ತಿಕೊಂಡಂತೂ ಬೇಡವೇ ಬೇಡ. ಅಕ್ಕ ತಂಗಿ ಹೊಂಡದ ಹತ್ತಿರ ಕೈ ಬಿಡಬೇಡಿ. ಕೋತಿ ಜಾಸ್ತಿ. ಬಾಳೆಹಣ್ಣು, ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿ ಹಿಡಿದು ಕಾಣಿಸಿದರೆ ಕಿತ್ತುಕೊಳ್ಳುತ್ತವೆ. ತಿಂಡಿಯನ್ನು ಮುಚ್ಚಳದ ಡಬ್ಬಿಯಲ್ಲಿ ಚೀಲದೊಳಗೆ ಇಟ್ಟಿರಿ. ತಳ್ಳುಗಾಡಿ ತರಬೇಡಿ, ಎಲ್ಲ ಮೆಟ್ಟಿಲು. ಹಳೇ ಕಾಟನ್ ಸೀರೆ ಇದ್ದರೆ ಜೋಳಿಗೆ ಕಟ್ಟಿಕೊಳ್ಳಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಚಂದ್ರವಳ್ಳಿ ಹತ್ತಿರದಲ್ಲೇ ಇದೆ. ಕದಂಬರ ಮಯೂರಶರ್ಮನ ಶಾಸನ ಇರುವ ಜಾಗ. ಅಂಕಲಿ ಮಠದ ಗುಹೆ ಒಳಗೆ ಕತ್ತಲು. ಮಗಳು ಹೆದರಿ ನನ್ನ ಕತ್ತು ಹಿಡಿದುಕೊಂಡಳು. ಅರ್ಧಕ್ಕೇ ವಾಪಸ್ ಬಂದೆವು. ಕೆರೆ ದಂಡೆಯಲ್ಲಿ ನೀರಿಗೆ ಕಲ್ಲು ಎಸೆಯುತ್ತಾ ಒಂದು ಗಂಟೆ ಕಳೆದೆವು. ಆ ದಿನ ಅವಳಿಗೆ ಬೇಕಾಗಿದ್ದು ಅಷ್ಟೇ. ಪ್ರಾಣಿ ನೋಡುವ ಆಸೆಯಿದ್ದರೆ ಜೋಗಿಮಟ್ಟಿ ಕಡೆ ಆಡುಮಲ್ಲೇಶ್ವರ ಕಿರು ಮೃಗಾಲಯ ಇದೆ. ಕೋಟೆಯ ದಿನವೇ ಬೇಡ, ಬೇರೆ ದಿನ ಇಟ್ಟುಕೊಳ್ಳಿ.

ಹರಿಹರದಿಂದ, ಮೂರು ಮೊಮ್ಮಕ್ಕಳ ಅಜ್ಜಿ

ತಂಗಿ, ಬೇವು ಬೆಲ್ಲವನ್ನು ಮಗುವಿಗೆ ಹೇಗೆ ಕೊಡಬೇಕು ಅಂತ ಯಾರೂ ಹೇಳಲಿಲ್ಲ. ನಮ್ಮ ಕಡೆ ಬೇವಿನ ಹೂವು, ಬೆಲ್ಲದ ಜೊತೆ ಹುರಿಗಡಲೆ, ಕೊಬ್ಬರಿ, ದ್ರಾಕ್ಷಿ ಹಾಕಿ ಮಾಡುತ್ತೇವೆ. ದೊಡ್ಡವರಿಗೆ ಹುರಿಗಡಲೆ ಇಡಿಯಾಗಿ ಇದ್ದರೂ ನಡೆಯುತ್ತದೆ. ಮಗುವಿಗೆ ಮಾತ್ರ ಕುಟ್ಟಿ ಹಿಟ್ಟು ಮಾಡಿ. ಒಮ್ಮೆ ನನ್ನ ಮೊಮ್ಮಗನಿಗೆ ನಗುತ್ತಾ ಓಡುವಾಗ ಹುರಿಗಡಲೆ ಗಂಟಲಿಗೆ ಸಿಕ್ಕಿತು. ಮುಖ ಕೆಂಪಾಗಿ ಉಸಿರು ಬರಲಿಲ್ಲ. ಅವನಪ್ಪ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದ ಮೇಲೆ ಹೊರಗೆ ಬಂತು. ಆ ಎರಡು ನಿಮಿಷ ನನಗೆ ಇವತ್ತಿಗೂ ಮೈ ನಡುಗಿಸುತ್ತದೆ. ಶೇಂಗಾ, ಇಡೀ ದ್ರಾಕ್ಷಿ, ಮಂಡಕ್ಕಿ ಜೊತೆ ಬರುವ ಹುರಿಗಡಲೆ, ಎಲ್ಲಕ್ಕೂ ಇದೇ ಮಾತು. ಕೂರಿಸಿ ತಿನ್ನಿಸಿ. ಆಡುತ್ತಾ ತಿನ್ನುವುದು ಬೇಡ.

ಬೇವು ಉಗುಳಿದರೆ ಬಯ್ಯಬೇಡಿ. ನಾಲಿಗೆಗೆ ಮುಟ್ಟಿಸಿದರೆ ಆಯಿತು. ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿ. ಬೀದಿಯಲ್ಲಿ ಹಂಚುವ ಪಾನಕದ ಐಸು ಎಲ್ಲಿಯದೋ ಏನೋ, ಚಿಕ್ಕವನಿಗೆ ಮನೆಯಲ್ಲೇ ಮಾಡಿ. ನಾಲ್ಕು ಲೋಟ ಜಾಸ್ತಿ ಮಾಡಿ ಅಕ್ಕಪಕ್ಕದವರಿಗೆ ಅವನ ಕೈಯಿಂದಲೇ ಕೊಡಿಸಿ. ಹೊಸ ಊರಲ್ಲಿ ನೆಂಟರಾಗುವುದು ಹಾಗೇ ಅಲ್ಲವೇ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದು ಕೇಳಲೇ? ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಜಾತ್ರೆ, ಇಲ್ಲೇ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಮಗುವನ್ನು ಕರೆದುಕೊಂಡು ಹೋಗಬಹುದಾ?

ದಾವಣಗೆರೆಯಿಂದ, ಇಬ್ಬರು ಮಕ್ಕಳ ತಾಯಿ

ಹೋಗಿ, ಆದರೆ ತೇರು ಎಳೆಯುವ ದಿನ ಬೇಡ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ಮಗಳಿಗೆ ಮೂರೂವರೆ ಇದ್ದಾಗ ಒಂದು ಜಾತ್ರೆಗೆ ಹೋಗಿದ್ದೆವು. ಬಳೆ ಅಂಗಡಿ ಮುಂದೆ ನಾನು ದುಡ್ಡು ಎಣಿಸುತ್ತಿದ್ದೆ. ಅವರು ಕೈ ಹಿಡಿದಿದ್ದಾರೆ ಅಂತ ನಾನು, ನಾನು ಹಿಡಿದಿದ್ದೇನೆ ಅಂತ ಅವರು. ತಿರುಗಿ ನೋಡಿದರೆ ಮಗು ಇಲ್ಲ. ಹತ್ತು ನಿಮಿಷ ಇರಬಹುದು. ಕಾಲಲ್ಲಿ ಬಲವೇ ಇರಲಿಲ್ಲ ನನಗೆ. ಪೀಪಿ ಮಾರುವ ಒಬ್ಬ ಅಜ್ಜ ಅವಳನ್ನು ತನ್ನ ಪಕ್ಕ ಕೂರಿಸಿಕೊಂಡು, ಕೈಗೆ ಒಂದು ಪೀಪಿ ಕೊಟ್ಟು ಊದಿಸುತ್ತಿದ್ದ. ‘ಸದ್ದು ಕೇಳಿ ಅಮ್ಮ ಬರ್ತಾಳೆ ಅಂತ ಹೇಳಿದ್ದೆ’ ಅಂದ. ದುಡ್ಡು ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ಈಗ ಮನೆ ಬಿಡುವ ಮೊದಲು ಮೂರು ಕೆಲಸ ಮಾಡುತ್ತೇವೆ. ಆ ದಿನದ ಬಟ್ಟೆಯಲ್ಲಿ ಮಗುವಿನ ಫೋಟೋ. ಮುಂಗೈ ಒಳಗೆ ಪೆನ್ನಿನಲ್ಲಿ ನಮ್ಮ ಫೋನ್ ನಂಬರ್. ಮಗುವಿನ ಕೈ ಯಾರ ಜವಾಬ್ದಾರಿ ಅಂತ ಬಾಯಿಬಿಟ್ಟು ಹೇಳುವುದು, ಬದಲಾಯಿಸುವಾಗ ಮತ್ತೆ ಹೇಳುವುದು. ಮೂರನೆಯದೇ ಮುಖ್ಯ.

ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರು ಹೋಳಿ ಮುಗಿದ ಕೆಲವೇ ದಿನಕ್ಕೆ, ಬಿರುಬಿಸಿಲಲ್ಲಿ. ಲಕ್ಷಗಟ್ಟಲೆ ಜನ. ಕೊಬ್ಬರಿ ಸುಡುವ ಬೆಂಕಿ, ಹೊಗೆ ಬೇರೆ. ಒಂದೆರಡು ದಿನ ಬಿಟ್ಟು ಬೆಳಿಗ್ಗೆ ಹೋಗಿ. ತೇರು ಅಲ್ಲೇ ನಿಂತಿರುತ್ತದೆ. ಮಗು ಗಾಲಿಯ ಪಕ್ಕ ನಿಂತು ಅದು ತನಗಿಂತ ಎಷ್ಟು ಎತ್ತರ ಅಂತ ನೋಡಬಹುದು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮುಖ್ಯ ದಿನಗಳು ಮುಗಿದ ಮೇಲೂ ಅಂಗಡಿ, ತೊಟ್ಟಿಲು ಇರುತ್ತವೆ. ವಾರದ ನಡುವೆ ಸಂಜೆ ಹೋದರೆ ಆರಾಮ. ಬೆಂಡು ಬತ್ತಾಸು, ಒಂದು ಪೀಪಿ, ಒಂದು ತೊಟ್ಟಿಲು. ಇನ್ನೊಂದು ಸುತ್ತು ಅಂತ ಅವನು ಕೇಳುತ್ತಿರುವಾಗಲೇ ಹೊರಡಿ. ನಗುತ್ತಾ ಇರುವಾಗ ಮನೆ ಸೇರಿದರೆ ರಾತ್ರಿ ಊಟವನ್ನೂ ಮಾಡುತ್ತಾನೆ.

ಕೇಳಿದವರು, ಯುಗಾದಿ ಆದ ಮೇಲೆ

ಹೇಳದೆ ಇರಲು ಆಗಲಿಲ್ಲ. ಈ ಸಲ ಎಲ್ಲಿಗೂ ಹೋಗಲಿಲ್ಲ. ಮಾವಿನೆಲೆ ಅವನೇ ತೊಳೆದ. ಹನ್ನೊಂದು ಎಲೆಯಲ್ಲಿ ನಾಲ್ಕು ಹರಿದವು, ಹರಿದದ್ದನ್ನೂ ಕಟ್ಟಿದೆವು. ಬೇವು ಉಗುಳಿದ, ಬೆಲ್ಲ ಕೇಳಿದ. ಮಾರನೇ ದಿನ ಮನೆ ಮಾಲೀಕರ ಮಾಳಿಗೆ ಮೇಲೆ ಹೋದಾಗ ಅಕ್ಕಪಕ್ಕದ ಮಾಳಿಗೆಗಳಲ್ಲೂ ಜನ ನಿಂತಿದ್ದರು. ಮೊದಲು ಕಂಡದ್ದು ನನ್ನ ಮಗನಿಗೇ. ಬೆರಳು ತೋರಿಸಿದ, ಪಕ್ಕದ ಮಾಳಿಗೆಯವರೂ ಅವನ ಬೆರಳು ನೋಡಿ ಚಂದ್ರನನ್ನು ಹುಡುಕಿದರು. ಫೋನಿನಲ್ಲಿ ಅತ್ತೆ ಅತ್ತುಬಿಟ್ಟರು. ಕೆಳಗಿಳಿಯುವಾಗ ಪಕ್ಕದ ಮನೆಯವರು ಎರಡು ಹೋಳಿಗೆ ಕೊಟ್ಟರು. ಇವತ್ತು ಮಧ್ಯಾಹ್ನದಿಂದ ಚಂದ್ರ ಬೇಕು ಅಂತ ಬಾಗಿಲ ಹತ್ತಿರ ಚಪ್ಪಲಿ ಹಿಡಿದು ನಿಂತಿದ್ದಾನೆ.

ಮುಂದಿನ ಭಾನುವಾರ ಹರಿಹರದ ರೈಲು. ರಾಮನವಮಿಗೆ ಪಾನಕ ಮಾಡಿ ಹೋಳಿಗೆ ಕೊಟ್ಟವರ ಮನೆಗೇ ಮೊದಲು ಕೊಡಿಸಬೇಕು. ಅಜ್ಜಿ, ಆರು ಲೋಟಕ್ಕೆ ಏಲಕ್ಕಿ ಎಷ್ಟು ಹಾಕಲಿ?

ಹರಿಹರದಿಂದ, ಅಜ್ಜಿ

ಮೂರು ಸಾಕು ತಾಯಿ. ಕಾಳುಮೆಣಸು ನಿಮ್ಮ ಲೋಟಗಳಿಗೆ ಮಾತ್ರ, ಅವನದಕ್ಕೆ ಬೇಡ. ರೈಲಿಳಿದು ಹೊತ್ತಿದ್ದರೆ ನಮ್ಮ ಮನೆಗೂ ಬನ್ನಿ, ದೇವಸ್ಥಾನದಿಂದ ನಾಲ್ಕು ಹೆಜ್ಜೆ.