ಪದಚರ್ಚೆ: ಅದಾಕಾಲೆ – ದ್ವೀಪವೋ, ನಡುಗಡ್ಡೆಯೋ? (ಇಂದು ಸಂಜೆಯೊಳಗೆ ಬೇಕು)

ಬಲ್ಲವರು ತಿಳಿಸಿ. ಡಾನ್ಯೂಬ್ ನದಿಯ ಭೂಪಟಕ್ಕೊಂದು ಫಲಕ ಸಂಜೆ ಅಚ್ಚಿಗೆ ಹೋಗಬೇಕು. ರೊಮೇನಿಯಾದ ಓರ್ಶೋವಾ ಪಟ್ಟಣದ ಕೆಳಗೆ ಹೊಳೆಯ ನಡುವೆ ಅದಾ ಕಲೆ ಎಂಬ, ತುರ್ಕಿ ಮಾತಾಡುವ ಮುಸ್ಲಿಮರ ಊರೊಂದಿತ್ತು. ರೊಮೇನಿಯಾ ಮತ್ತು ಯುಗೊಸ್ಲಾವಿಯಾ ಸೇರಿ 1964ರಿಂದ 1972ರವರೆಗೆ ಕಟ್ಟಿದ ಐರನ್ ಗೇಟ್ಸ್ ಅಣೆಕಟ್ಟಿನಿಂದ ಅದು ನೀರುಪಾಲಾಯಿತು. ಕರಡು ಹೀಗಿದೆ: ‘ಅದಾ ಕಲೆ ದ್ವೀಪ / ರೊಮೇನಿಯಾದ ಜಲಾವೃತ ದ್ವೀಪ’. ಎರಡೇ ಸಾಲು, ಸಾಲಿಗೆ 20 ಅಕ್ಷರ ಮೀರುವಂತಿಲ್ಲ.

ಸಾಗರದಿಂದ:
‘ಜಲಾವೃತ’ ಹೊಡೆದುಹಾಕಿ. ಆವೃತ ಎಂದರೆ ಸುತ್ತುವರಿದದ್ದು; ಜಲಾವೃತವಲ್ಲದ ದ್ವೀಪ ಯಾವುದು? ‘ಮುಳುಗಿದ’ ಕೂಡ ಸಾಲದು, ತಾನಾಗಿಯೇ ತಳ ಸೇರಿದಂತಾಗುತ್ತದೆ. ಕಟ್ಟೆ ಕಟ್ಟಿ ಊರು ಮುಳುಗಿಸಿದ್ದಕ್ಕೆ ಶರಾವತಿ ಕಣಿವೆಯಲ್ಲೂ ಬಾಗಲಕೋಟೆಯಲ್ಲೂ ಇರುವ ಮಾತು ‘ಮುಳುಗಡೆ’. ಅದನ್ನೇ ಹಾಕಿ.

ಗಂಗಾವತಿಯಿಂದ:
ಹೊಳೆಯೊಳಗಿನದು ಗಡ್ಡೆ. ವಿರುಪಾಪುರಗಡ್ಡೆ, ನವಬೃಂದಾವನ ಗಡ್ಡೆ ನೋಡಿ. ದ್ವೀಪ ಕಡಲಿನ ಮಾತು. ಇನ್ನೊಂದು ತಪ್ಪು: ತುರ್ಕಿಯಲ್ಲಿ ‘ಅದಾ’ ಎಂದರೇ ದ್ವೀಪ, ‘ಕಾಲೆ’ ಎಂದರೆ ಕೋಟೆ. ನಿಮ್ಮ ಮೊದಲ ಸಾಲು ‘ದ್ವೀಪಕೋಟೆ ದ್ವೀಪ’ ಎಂದಾಯಿತು. ಹೆಸರನ್ನು ಬಿಡಿಸಿ ಬರೆಯಬೇಡಿ, ‘ಕಲೆ’ ಎಂದಂತೂ ಬೇಡ. ಓದುಗ ಚಿತ್ರಕಲೆಗೆ ಹೋಗುತ್ತಾನೆ. ಅದಾಕಾಲೆ, ಒಂದೇ ಪದ.

ಮೈಸೂರಿನಿಂದ:
ದ್ವೀಪ ಕಡಲಿಗೆ ಮಾತ್ರ ಎಂದು ಯಾರು ಹೇಳಿದರು? ದ್ವಿ + ಅಪ್, ಎರಡೂ ಕಡೆ ನೀರುಳ್ಳದ್ದು. ಸಮೀಪ, ಪ್ರತೀಪಗಳಲ್ಲಿ ಆದಂತೆ ಅಪ್ ಇಲ್ಲಿಯೂ ಈಪ್ ಆಗಿದೆ. ಎರಡು ಕವಲಿನ ನಡುವಿನ ನೆಲಕ್ಕೆ ಇದಕ್ಕಿಂತ ಒಪ್ಪುವ ಪದವಿಲ್ಲ. ಶ್ರೀರಂಗಪಟ್ಟಣವನ್ನು ದ್ವೀಪ ಎಂದೇ ಕರೆಯುತ್ತೇವೆ.

ಕುಮಟೆಯಿಂದ:
ಅಘನಾಶಿನಿಯಲ್ಲಿ ಐಗಳಕುರ್ವೆ ಇದೆ, ತುಳುನಾಡಲ್ಲಿ ಕುದ್ರು ಇದೆ, ರಾಯಚೂರಿನ ಕಡೆ ಕೃಷ್ಣೆಯಲ್ಲಿ ಕುರ್ವಕಲಾ ಇದೆ. ಎಲ್ಲವೂ ಹೊಳೆನಡುವಿನ ನೆಲದ ಹೆಸರೇ. ಇಷ್ಟು ಇಟ್ಟುಕೊಂಡು ಸಂಸ್ಕೃತದಿಂದ ‘ದ್ವೀಪ’ದ ಸಾಲ ಏಕೆ? ‘ಕುರುವ’ ಹಾಕಿ.

ವಿಜಯಪುರದಿಂದ:
ಸಾಲದ ಮಾತು ಬಂತಲ್ಲ, ಕೇಳಿ. ಆ ‘ಕಾಲೆ’ ಮತ್ತು ನಮ್ಮ ‘ಕಿಲ್ಲೆ’ ಒಂದೇ ಅರಬ್ಬಿ ಮೂಲದವು. ಡಾನ್ಯೂಬ್ ದಂಡೆಯವರಿಗೂ ನಮಗೂ ಒಂದೇ ಪದ ದಕ್ಕಿದೆ. ಕಿಲ್ಲೇದಾರನನ್ನು ಕನ್ನಡದಿಂದ ಓಡಿಸಿ ಯಾರಿಗೇನು ಸಿಕ್ಕೀತು?

ಸಾಗರದಿಂದ:
ಕುರುವ ಚೆಂದದ ಪದ, ಆದರೆ ಫಲಕದ ಮುಂದೆ ನಿಂತವರಿಗೆ ಅರ್ಥ ಬರೆಯಲು ಮೂರನೇ ಸಾಲಿಲ್ಲ. ‘ರೊಮೇನಿಯಾದ’ ಕೂಡ ತೆಗೆಯಿರಿ. ಬಾಲ್ಕನ್ ಗಡಿಗಳನ್ನು ಮತ್ತೆ ಗೆರೆಯೆಳೆದ 1878ರ ಬರ್ಲಿನ್ ಒಪ್ಪಂದ ತುರ್ಕರ ಕೈಯಲ್ಲಿದ್ದ ಈ ಗಡ್ಡೆಯ ಹೆಸರೆತ್ತಲು ಮರೆತಿತ್ತು, 1913ರಲ್ಲಿ ಹಂಗೇರಿ ಸೇರಿಸಿಕೊಂಡಿತು, ರೊಮೇನಿಯಾಕ್ಕೆ ಹೋದದ್ದು ಮೊದಲ ಮಹಾಯುದ್ಧದ ನಂತರ. ‘ಸ್ಥಳಾಂತರಗೊಂಡ’ ಎಂದು ಯಾರಾದರೂ ಸೂಚಿಸಿದರೆ ಅದೂ ಬೇಡ: ಕೋಟೆಯ ಕೆಲವು ಭಾಗಗಳನ್ನಷ್ಟೇ ಕೆಳಹೊಳೆಯ ಶಿಮಿಯಾನ್ ಗಡ್ಡೆಯಲ್ಲಿ ಮತ್ತೆ ಕಟ್ಟಿದರು. ಜನ ಅಲ್ಲಿ ನೆಲೆಸಲಿಲ್ಲ. ಬಹಳ ಮಂದಿ ತುರ್ಕಿಗೆ, ಉಳಿದವರು ರೊಮೇನಿಯಾದ ಕರಾವಳಿ ಪ್ರಾಂತ್ಯ ದೊಬ್ರುಜಾ ಕಡೆಗೆ ಹೋದರು.

ಸಾಲು 1: ಅದಾಕಾಲೆ
ಸಾಲು 2: ಹಿನ್ನೀರಲ್ಲಿ ಮುಳುಗಡೆಯಾದ ನಡುಗಡ್ಡೆ
ಎರಡನೆಯದು 14 ಅಕ್ಷರ.

ಕೇಳಿದವರು:
ಇದನ್ನೇ ಕಳಿಸಿದೆ. ಉಪಕಾರವಾಯಿತು.

ಕುಮಟೆಯಿಂದ:
ಮುಂದಿನ ಅಚ್ಚಿನಲ್ಲಾದರೂ ಕುರುವ ಬರಲಿ. ಫಲಕದಲ್ಲಿ ಬರೆಯದೆ ಬಿಟ್ಟರೆ ಓದುಗರಿಗೆ ಅದು ಗೊತ್ತಾಗುವುದು ಎಲ್ಲಿಂದ?