ಹಳೆಯ ಜಾಗ್ವಾರ್‌ನ ಒಳಮರಗೆಲಸ: ಮಾಡಿಸಿದವರ ಅನುಭವಗಳು

ಪ್ರಶ್ನೆ (ಬೆಂಗಳೂರು, ಜಾಗ್ವಾರ್ ಮಾರ್ಕ್ 2)

ನನ್ನ ಬಳಿ 1962ರ ಜಾಗ್ವಾರ್ ಮಾರ್ಕ್ 2 ಇದೆ. ಡ್ಯಾಶ್‌ಬೋರ್ಡಿನ ಹಾಗೂ ಬಾಗಿಲ ಪಟ್ಟಿಗಳ ವಾಲ್‌ನಟ್ ವೆನೀರಿನ (ತೆಳುವಾದ ಮರದ ಹಾಳೆ) ಮೇಲಿರುವ ಲ್ಯಾಕರ್ (ಹೊಳಪಿನ ಲೇಪ) ಬಿಸಿಲಿಗೆ ಹಳದಿಯಾಗಿ ಬಿರುಕುಬಿಟ್ಟಿದೆ. ಚಾಲಕನ ಬಾಗಿಲಿನಲ್ಲಿ ವೆನೀರ್ ಕೆಳಅಂಚಿನಿಂದ ಮೇಲೆದ್ದಿದೆ. ನಾನೇ ಕೈಹಾಕಬೇಕೇ, ಇಲ್ಲಿನ ಪಾಲಿಶ್ ಕೆಲಸದವರಿಗೆ ಕೊಡಬೇಕೇ ಅಥವಾ ಇಂಗ್ಲೆಂಡಿಗೆ ಕಳುಹಿಸಬೇಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ (ಜಯನಗರ, ಮರ್ಸಿಡಿಸ್ ಡಬ್ಲ್ಯೂ126)

ಇಂಗ್ಲೆಂಡಿನ ಮಾತನ್ನೇ ಬಿಡಿ. ನನ್ನದು 1983ರ ಬೆಂಜ್. ಅದರಲ್ಲಿರುವುದು ಪಟ್ಟೆಪಟ್ಟೆಯ ಝೆಬ್ರಾನೋ ಮರ. ಸೋಫಾ, ಊಟದ ಮೇಜುಗಳಿಗೆ ಪಿಯು (ಪಾಲಿಯುರೆಥೇನ್ ಎಂಬ ಗಟ್ಟಿ ಲೇಪ) ಹೊಡೆಯುವ ಒಬ್ಬರ ಕೈಯಲ್ಲಿ ಇಡೀ ಸೆಟ್ ಮಾಡಿಸಿದೆ. ಬಿಚ್ಚಿ ಮತ್ತೆ ಕೂರಿಸಿದ ಕೂಲಿ 6,500, ಹಳೆಯ ಲ್ಯಾಕರ್ ಕಿತ್ತದ್ದಕ್ಕೆ 8,000, ಪಿಯು, ಹಾರ್ಡ್‌ನರ್ ಮತ್ತು ಥಿನ್ನರ್‌ಗೆ 7,200, ಸ್ಪ್ರೇ ಮಾಡಿ ಉಜ್ಜಿದ್ದಕ್ಕೆ 14,000, ಬಿಚ್ಚುವಾಗ ಮುರಿದ ಕ್ಲಿಪ್ಪುಗಳನ್ನು ತರಿಸಿದ್ದಕ್ಕೆ 3,800, ಒಟ್ಟು 39,500 ರೂಪಾಯಿ. ಆ ಕ್ಲಿಪ್ಪುಗಳ ಹಣ ಇಂದಿಗೂ ನನಗೆ ಉರಿಯುತ್ತದೆ, ಏಕೆಂದರೆ ಅವುಗಳನ್ನು ಸ್ಕ್ರೂಡ್ರೈವರ್‌ನಿಂದ ಮೀಟಬಾರದೆಂದು ಮೆಕ್ಯಾನಿಕ್‌ಗೆ ಮೊದಲೇ ಹೇಳಿದ್ದೆ.

ಲ್ಯಾಕರ್ ಕೀಳುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಹೀಟ್ ಗನ್ನಿನ ಬಿಸಿ ತಾಗಿಸಿ, ಕೆರೆಯುವ ಅಗಲವಾದ ಪಟ್ಟಿಯನ್ನು ಮಲಗಿಸಿ ತಳ್ಳಿದರೆ ಲ್ಯಾಕರ್ ಗಾಜಿನ ಚೂರುಗಳಂತೆ ಎದ್ದುಬರುತ್ತದೆ. ಸ್ಯಾಂಡ್ ಪೇಪರನ್ನು ಅಲ್ಲಿಯವರೆಗೆ ಮುಟ್ಟಲೇಬಾರದು. ವೆನೀರ್ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ, ಮೂಲೆಗಳಲ್ಲಿ ನಾಲ್ಕು ಸಲ ಹೆಚ್ಚು ಉಜ್ಜಿದರೆ ಕೆಳಗಿನ ಪ್ಲೈವುಡ್ ಕಾಣಿಸಿಕೊಳ್ಳುತ್ತದೆ. ಪಿಯು ಪೂರ್ತಿ ಗಟ್ಟಿಯಾದ ಮೇಲೆ 1000, 1500, 2000 ನಂಬರಿನ ವಾಟರ್ ಪೇಪರಿನಲ್ಲಿ ಸೋಪಿನ ನೀರು ಹಾಕಿ ಉಜ್ಜಿ, ಕೊನೆಗೆ ಹೊಳಪು ಕೊಡುವ ಕಾಂಪೌಂಡ್ ಪೇಸ್ಟ್ ಹಾಕಿದರು. ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ.

ಉತ್ತರ (ಮೈಸೂರು, 1951ರ ರೈಲಿ ಕಾರು)

ಆ ಕಾಲದ ಮರದ ಮೇಲೆ ಪಿಯು ಸುರಿಯುವುದನ್ನು ನಾನು ಪುನಶ್ಚೇತನ ಎಂದು ಒಪ್ಪಲಾರೆ. ನನ್ನ ರೈಲಿ ಕಾರಿಗೆ ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಶನ್ನು ನಾನೇ ಕೈಯಿಂದ ಹಚ್ಚಿದ್ದೇನೆ. ಅರಗಿನ ಹಾಳೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯನ್ನು ಹಳೆಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ, ಒಂದೆರಡು ಹನಿ ಎಣ್ಣೆ ತಾಗಿಸುತ್ತ, ಎಲ್ಲಿಯೂ ನಿಲ್ಲಿಸದೆ ಸುತ್ತಿಸುತ್ತ ಹೋದರೆ ಮರದ ಎಳೆ ಒಳಗಿನಿಂದ ಬೆಳಗುತ್ತದೆ. ಸಾಮಾನಿಗೆ ಮೂರು ಸಾವಿರವೂ ತಗುಲಲಿಲ್ಲ. ಮುಂದೆ ಗೀರು ಬಿದ್ದರೆ ಆ ಜಾಗಕ್ಕಷ್ಟೇ ಮತ್ತೆ ಹಚ್ಚಬಹುದು. ಜಯನಗರದವರು ಗೀರು ಬಿದ್ದ ದಿನ ಆ ಪಟ್ಟಿಯ ಪಿಯುವನ್ನಿಡೀ ಕೀಳಬೇಕಾಗುತ್ತದೆ.

ಉತ್ತರ (ಜಯನಗರ)

ಮೈಸೂರಿನ ಹಿರಿಯರು ತಮ್ಮ ಕಾರನ್ನು ನೆರಳಿನಿಂದ ಹೊರಗೆ ತಂದೇ ಇಲ್ಲವೆಂದು ತೋರುತ್ತದೆ. ಏಪ್ರಿಲ್‌ನಲ್ಲಿ ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದುಂಟು, ಹೆಚ್ಚುಕಡಿಮೆ ಅದೇ ಬಿಸಿಗೆ ಅರಗು ಮೆತ್ತಗಾಗತೊಡಗುತ್ತದೆ. ನೀರು ಬಿದ್ದು ನಿಂತರೆ ಬಿಳಿಯ ಕಲೆ ಉಳಿಯುತ್ತದೆ. ಕಾರನ್ನು ಓಡಿಸುವವರಿಗೆ ಇದು ಹೊಂದುವುದಿಲ್ಲ.

ಉತ್ತರ (ಮೈಸೂರು)

ನನ್ನ ಕಾರು ಮಡಿಕೇರಿಯ ಘಟ್ಟ ಹತ್ತಿ ಬಂದಿದೆ ಸ್ವಾಮಿ. ಗಾಜಿಗೆ ಪರದೆ ಹಾಕುವ ಅಭ್ಯಾಸವಿದ್ದರೆ ಸಾಕು. ನೀವು ಹಣ ಕೊಟ್ಟು ಮಾಡಿಸಿದ್ದೀರಿ, ನಾನು ಕೈಯಾರೆ ಮಾಡಿದ್ದೇನೆ. ನೆರಳಿನ ಮಾತನ್ನು ಹಿಂತೆಗೆದುಕೊಳ್ಳಿ.

ಉತ್ತರ (ಇಂಗ್ಲೆಂಡಿನ ಕೊವೆಂಟ್ರಿ, ಜಾಗ್ವಾರ್ ಮಾರ್ಕ್ 2)

ಉತ್ತರ ಕೊಡುತ್ತಿರುವವರಲ್ಲಿ ಮಾರ್ಕ್ 2 ಇಟ್ಟುಕೊಂಡಿರುವವನು ನಾನೊಬ್ಬನೇ ಆದ್ದರಿಂದ ಹೇಳುತ್ತೇನೆ. ಈ ಕಾರು ಹುಟ್ಟಿದ ಊರಿನಲ್ಲೇ ವಾಸವಿದ್ದರೂ ನನ್ನ ಅನುಭವ ಸುಖದ್ದಲ್ಲ. ಒಂದು ಸಂಸ್ಥೆಗೆ ಪೂರ್ತಿ ಸೆಟ್ ಕೊಟ್ಟೆ. ಅವರು ಹೇಳಿದ ದರ 2,400 ಪೌಂಡ್, ವ್ಯಾಟ್ 480. ಆಮೇಲೆ ಗ್ಲೋವ್‌ಬಾಕ್ಸ್ ಮುಚ್ಚಳದ ಅಂಚನ್ನು ಅವರೇ ಉಜ್ಜಿ ತೂತು ಮಾಡಿ, ಹೊಸ ವೆನೀರ್ ಹಾಕಿದ್ದಕ್ಕೆ ನನ್ನಿಂದಲೇ 260 ಪೌಂಡ್ ವಸೂಲಿ ಮಾಡಿದರು. ಒಂದೇ ತುಂಡಿನಿಂದ ಸೀಳಿದ ಅಕ್ಕಪಕ್ಕದ ಹಾಳೆಗಳನ್ನು ಪುಸ್ತಕ ತೆರೆದಂತೆ ಜೋಡಿಸಿದರೆ ಎಡಬಲದ ಎಳೆಗಳು ಒಂದಕ್ಕೊಂದು ಪ್ರತಿಬಿಂಬವಾಗುತ್ತವೆ, ಇಂತಹ ಒಳಾಂಗಣದ ಸೊಬಗೆಲ್ಲ ಆ ಹೊಂದಾಣಿಕೆಯಲ್ಲಿದೆ. ನನ್ನ ಹೊಸ ಮುಚ್ಚಳವೋ ಬೇರೆ ಮರದ್ದು. ಮಿಕ್ಕ ವಾಲ್‌ನಟ್ ದಶಕಗಳ ಬೆಳಕಿಗೆ ತಿಳಿಯಾಗಿದೆ, ಇದೊಂದು ಕಂದಾಗಿ ಕುಳಿತಿದೆ, ಕಾರು ಹತ್ತಿದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಮುಂದಿನ ಸೀಟುಗಳ ಬೆನ್ನಿಗಿರುವ ಮಡಚುವ ಟ್ರೇಗಳನ್ನು ಕೊಡದೆ ಮನೆಯಲ್ಲೇ ಉಳಿಸಿಕೊಂಡದ್ದು ಪುಣ್ಯ.

ಮೇಲೆದ್ದ ವೆನೀರನ್ನು ಕೀಳಬೇಡಿ. ಅಂಟು ಮೂಳೆ-ಚರ್ಮದಿಂದ ಮಾಡಿದ್ದಾಗಿದ್ದರೆ ಒದ್ದೆ ಬಟ್ಟೆಯ ಮೇಲೆ ಹದವಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಮತ್ತೆ ಅಂಟಾಗುತ್ತದೆ. ರಾಳದ ಅಂಟಾಗಿದ್ದರೆ ಅದು ಕರಗುವುದಿಲ್ಲ, ಸಂದಿಯನ್ನು ಕೆರೆದು ಹೊಸ ಅಂಟು ತೂರಿಸಿ ಕ್ಲಾಂಪ್ ಹಾಕಬೇಕು.

ಉತ್ತರ (ಮಂಗಳೂರು, ರೋವರ್ ಪಿ5)

ನಿಮ್ಮೆಲ್ಲರ ಮರ ಉಳಿದಿದೆ. ನಮ್ಮ ತಂದೆಯವರ ರೋವರ್‌ನಲ್ಲಿ ಕರಾವಳಿಯ ತೇವಕ್ಕೆ ವೆನೀರ್ ಸುರುಳಿ ಸುತ್ತಿಕೊಂಡು ಉದುರಿತ್ತು, ಒಳಗಿನ ಮರಕ್ಕೆ ಹುಳು ಬಿದ್ದಿತ್ತು. ನಾನು ಬೀಟೆಯ ವೆನೀರ್ ಹಾಕಿಸಿದೆ. ಬೀಟೆಯ ಒಡಲಲ್ಲಿರುವ ಎಣ್ಣೆಯಂಥ ಅಂಶ ಪಿಯು ಗಟ್ಟಿಯಾಗದಂತೆ ತಡೆಯುತ್ತದೆ ಎಂಬುದು ಮೊದಲ ಕೆಲಸದವರಿಗೆ ತಿಳಿದಿರಲಿಲ್ಲ, ಬೆರಳಿಟ್ಟರೆ ಅಚ್ಚು ಮೂಡುತ್ತಿತ್ತು. ಅವರಿಗೆ ಕೊಟ್ಟ 18,000 ನೀರಿನಲ್ಲಿ ಹೋಮ ಮಾಡಿದಂತಾಯಿತು. ಎರಡನೆಯವರು ಮರವನ್ನು ಅಸಿಟೋನ್‌ನಿಂದ ಒರೆಸಿ, ತಳಕ್ಕೆ ಮೇಣ ತೆಗೆದ ಅರಗಿನ ಕೋಟು ಕೊಟ್ಟು, ಅದರ ಮೇಲೆ ಪಿಯು ಹೊಡೆದರು. ಅದಕ್ಕೆ 31,000 ಆಯಿತು. ಅರಗೋ ಪಿಯುವೋ ಎಂದು ಕಾದಾಡುತ್ತಿರುವ ಇಬ್ಬರೂ ನನ್ನ ಕಾರಿನಲ್ಲಿ ಎರಡೂ ಇರುವುದನ್ನು ಗಮನಿಸಬೇಕು. ಮಳೆಗಾಲದಲ್ಲಿ ಮಾತ್ರ ಯಾವ ಸ್ಪ್ರೇಯನ್ನೂ ಮಾಡಿಸಬೇಡಿ. ತೇವದ ಗಾಳಿಯಲ್ಲಿ ಹೊಡೆದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹಾಲಿನ ಕೆನೆಯಂತೆ ಬಿಳಿಚಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉತ್ತರ (ಕೊವೆಂಟ್ರಿ)

ಮೇಡಂ, ರೋವರ್‌ಗೆ ಬೀಟೆ ಹಾಕಿದ ಮೇಲೆ ಅದನ್ನು ರೋವರ್ ಎಂದು ಹೇಗೆ ಕರೆಯುವುದು? ವಾಲ್‌ನಟ್ ವೆನೀರ್ ಹಣ ಕೊಟ್ಟರೆ ಸಿಗದ ವಸ್ತುವೇನಲ್ಲ.

ಉತ್ತರ (ಮೈಸೂರು)

ಇದರಲ್ಲಿ ನಾನು ಮೇಡಂ ಅವರ ಪರ. ನಮ್ಮೂರಿನಲ್ಲಿ ಬೀಟೆಯನ್ನು ಕೆತ್ತಿ ಬೇರೆ ಮರದ ತೆಳು ಚೂರುಗಳನ್ನು ಕೂರಿಸುವ ಕುಸುರಿ ಕೆಲಸದವರಿದ್ದಾರೆ. ಅವರಷ್ಟು ತೆಳುವಾದ ಮರವನ್ನು ಅಷ್ಟು ಶುದ್ಧವಾಗಿ ಕತ್ತರಿಸಬಲ್ಲವರನ್ನು ಕೊವೆಂಟ್ರಿಯವರು ತೋರಿಸಲಿ. ಆದರೆ ಅದರ ಮೇಲೆ ಪಿಯು ಹೊಡೆಸಬಾರದಿತ್ತು.

ಉತ್ತರ (ಮಂಗಳೂರು)

ಪರ ವಹಿಸಿದ್ದಕ್ಕೆ ವಂದನೆ, ಸಲಹೆಯ ಅಗತ್ಯವಿಲ್ಲ. ಕೊವೆಂಟ್ರಿಯವರಿಗೆ ನನ್ನ ಉತ್ತರವಿಷ್ಟೇ: ವಾಲ್‌ನಟ್ ಹಾಳೆಗಳನ್ನು ಹೊರಗಿನಿಂದ ತರಿಸಿದ್ದೆ, ಸುಂಕ ಕಟ್ಟಿ ಬಿಡಿಸಿಕೊಂಡ ಪೊಟ್ಟಣದಲ್ಲಿ ಅರ್ಧಕ್ಕರ್ಧ ಸೀಳಿಹೋಗಿದ್ದವು, ಕಳುಹಿಸಿದವರು ಹಣ ಹಿಂತಿರುಗಿಸಲಿಲ್ಲ. ಬೀಟೆಯನ್ನು ಅಂಗಡಿಯಲ್ಲಿ ಬೆಳಕಿಗೆ ಹಿಡಿದು ಹಾಳೆ ಹಾಳೆಯಾಗಿ ಆರಿಸಿ, ಎಡಬಲದ ಎಳೆ ಕೂಡುವಂತೆ ಜೋಡಿಸಿ ತಂದಿದ್ದೇನೆ. ನಿಮ್ಮ ಗ್ಲೋವ್‌ಬಾಕ್ಸ್ ಮುಚ್ಚಳಕ್ಕಿಂತ ಅದು ಚೆನ್ನಾಗಿ ಹೊಂದಿದೆ.