ಎಕ್ಕದ ಎಲೆ, ಎಕ್ಕುಟ್ಟಿ ಹೋಗು: ಎರಡೂ ಒಂದೇ ಎಕ್ಕವೇ?

ನಮಸ್ಕಾರ.

ರಥಸಪ್ತಮಿಯ ಬೆಳಿಗ್ಗೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುವುದು ನಿಮಗೆ ಗೊತ್ತೇ ಇದೆ. ಒಟ್ಟು 7 ಎಲೆ. ತಲೆಗೊಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು. ಈ ಸಲ ತಲೆ ಮೇಲೆ ಎಲೆ ಇಡುವ ಹೊತ್ತಿಗೇ ಮಗ ಕೇಳಿದ: “ಎಕ್ಕುಟ್ಟೋಗು ಅಂತ ಬೈತಾರಲ್ಲ, ಅದೂ ಇದೇ ಎಕ್ಕಾನಾ?” ಬಿಸಿನೀರು ತಣ್ಣಗಾಯಿತೇ ಹೊರತು ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಕೂತು ಯೋಚಿಸಿದ್ದನ್ನು ಇಲ್ಲಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಎಕ್ಕ ಅನ್ನುವುದು ಅರ್ಕದ ತದ್ಭವ ಅಂತ ಸಾಮಾನ್ಯವಾಗಿ ಹೇಳುತ್ತೇವೆ. ಅರ್ಕ ಅಂದರೆ ಸೂರ್ಯನೂ ಹೌದು, ಈ ಗಿಡವೂ ಹೌದು. ಸೂರ್ಯನ ಹಬ್ಬಕ್ಕೆ ಸೂರ್ಯನ ಹೆಸರಿನ ಎಲೆ, ಚೆನ್ನಾಗಿಯೇ ಹೊಂದುತ್ತದೆ. ನನಗೆ ಅನುಮಾನ ಬಂದದ್ದು ಆ ‘ಎ’ ಮೇಲೆ. ಶರ್ಕರೆ ಸಕ್ಕರೆ ಆದಾಗ ಮೊದಲ ಅಕ್ಷರದ ಅಕಾರ ಹಾಗೇ ಉಳಿಯಿತು. ಆ ಲೆಕ್ಕದಲ್ಲಿ ಅರ್ಕ ‘ಅಕ್ಕ’ ಆಗಬೇಕಿತ್ತು. ಪ್ರಾಕೃತದಲ್ಲಿ ಹಾಗೇ ಆಗಿದೆ, ಹಿಂದಿಯ ‘ಆಕ್’ ಅದೇ ದಾರಿಯಲ್ಲಿ ಬಂದದ್ದು. ನಮ್ಮಲ್ಲಿ ಮಾತ್ರ ಎಕಾರ ಯಾಕೆ?

ತಮಿಳಿನಲ್ಲಿ ಇದೇ ಗಿಡ ಎರುಕ್ಕು. ಕನ್ನಡದಲ್ಲೂ ಎರ್ಕೆ, ಎಕ್ಕೆ ಅನ್ನುವ ರೂಪಗಳಿವೆ. ತುಳುವಿನಲ್ಲಿ ಎಕ್ಕಮಾಲೆ. ಈಗ ತಮಿಳಿನ ಎರುಮೈ ನಮ್ಮಲ್ಲಿ ಎಮ್ಮೆ ಆಗಿರುವುದನ್ನು ಪಕ್ಕದಲ್ಲಿಟ್ಟು ನೋಡಿ. ನಡುವಿನ ರಕಾರ ಬಿದ್ದು ಮುಂದಿನ ಅಕ್ಷರ ಒತ್ತಿಕೊಂಡಿದೆ. ಎರುಮೈಗೆ ಎಮ್ಮೆ ಇರುವ ಹಾಗೆಯೇ ಎರುಕ್ಕುಗೆ ಎಕ್ಕೆ ಇದೆ, ಅಲ್ವಾ? ನನಗಂತೂ ಎಕ್ಕ ನಮ್ಮದೇ ಪದ ಅನ್ನಿಸುತ್ತದೆ. ಅರ್ಕದ ಜೊತೆ ಉಚ್ಚಾರ ಹತ್ತಿರ ಇದ್ದದ್ದರಿಂದ ಎರಡೂ ಬೆರೆತಿರಬಹುದು. (ತೆಲುಗಿನವರಿಗೆ ಈ ತಲೆನೋವಿಲ್ಲ, ಅವರದು ಜಿಲ್ಲೇಡು.)

ಇನ್ನು ಬೈಗುಳ. ಮಂಡ್ಯ, ಮೈಸೂರು ಕಡೆ ‘ನಿನ್ ಮನೆ ಎಕ್ಕುಟ್ಟೋಗ’ ಅನ್ನುವುದು ತೀರಾ ಮಾಮೂಲಿ. ಅದನ್ನು ‘ಎಕ್ಕ ಹುಟ್ಟಿ ಹೋಗ’ ಅಂತ ಬಿಡಿಸುತ್ತಾರೆ. ಆ ಕಡೆಯ ಆಡುಮಾತಿನಲ್ಲಿ ಹಕಾರ ಉದುರುವುದರಿಂದ ಹುಟ್ಟು ‘ಉಟ್ಟು’ ಆಗುತ್ತದೆ, ಹಾಗಾಗಿ ಸಂಧಿಯಲ್ಲಿ ತೊಡಕಿಲ್ಲ. ಅರ್ಥದಲ್ಲೂ ಇಲ್ಲ. ಎಕ್ಕಕ್ಕೆ ಯಾರೂ ನೀರು ಹಾಕಬೇಕಿಲ್ಲ. ಬೀಜ ಹತ್ತಿಯ ಜೊತೆ ಗಾಳಿಯಲ್ಲಿ ಹಾರಿ ಬೀಳುಭೂಮಿ, ಮುರುಕು ಗೋಡೆ ಎಲ್ಲಿ ಬಿದ್ದರೆ ಅಲ್ಲಿ ಹುಟ್ಟುತ್ತದೆ. ಅಂಗಳದಲ್ಲಿ ಎಕ್ಕ ಎದ್ದಿದೆ ಅಂದರೆ ಕಸ ಗುಡಿಸುವವರೂ ಆ ಮನೆಯಲ್ಲಿ ಉಳಿದಿಲ್ಲ ಅಂತ. ನಾಲ್ಕು ಅಕ್ಷರದಲ್ಲಿ ಇಷ್ಟು ದೊಡ್ಡ ಶಾಪ! ಸುಮ್ನೆ ‘ಹಾಳಾಗು’ ಅಂದರೆ ಆ ಚಿತ್ರ ಕಣ್ಣಿಗೆ ಕಟ್ಟುವುದಿಲ್ಲ.

ಪೂಜೆಯಲ್ಲೂ ಈ ಗಿಡಕ್ಕೆ ಎರಡು ಮುಖ. ಆಂಜನೇಯನಿಗೆ ಎಕ್ಕದ ಹೂವಿನ ಹಾರ ಹಾಕುತ್ತಾರೆ, ಬಿಳಿ ಎಕ್ಕದ ಬೇರಿನಲ್ಲಿ ಗಣಪತಿ ಮಾಡುತ್ತಾರೆ. ಮೂರನೇ ಮದುವೆ ಅಶುಭ ಅನ್ನುವ ನಂಬಿಕೆಯಿಂದ ಗಂಡಿಗೆ ಮೊದಲು ಎಕ್ಕದ ಗಿಡದ ಜೊತೆ ‘ಅರ್ಕವಿವಾಹ’ ಮಾಡಿಸುವ ಪದ್ಧತಿಯೂ ಇತ್ತು. ಕೆಡುಕೆಲ್ಲ ಗಿಡಕ್ಕೆ! ಸಂಗಂ ಕಾಲದ ಒಂದು ತಮಿಳು ಪದ್ಯದಲ್ಲಿ ಎರುಕ್ಕಂ ಹೂವನ್ನು ಒಳ್ಳೆಯದೂ ಅಲ್ಲದ, ಕೆಟ್ಟದ್ದೂ ಅಲ್ಲದ ಹೂವು ಅಂದಿದ್ದಾರೆ. ಅದನ್ನು ಕೊಟ್ಟರೂ ದೇವರು ಬೇಡ ಅನ್ನುವುದಿಲ್ಲವಂತೆ. ಆದ್ದರಿಂದ ಮಗನಿಗೆ ‘ಹೌದು, ಇದೇ ಎಕ್ಕ’ ಅಂತಲೇ ಹೇಳಿದ್ದೇನೆ.

ನನ್ನ ಪ್ರಶ್ನೆ ಎರಡು. ಅರ್ಕದ ಹಾಗೆ ಮೊದಲ ಅಕಾರ ಎಕಾರವಾಗಿ, ರಕಾರವೂ ಬಿದ್ದ ಬೇರೆ ತದ್ಭವ ಯಾವುದಾದರೂ ನಿಮಗೆ ನೆನಪಿದೆಯೇ? ಒಂದೆರಡು ಸಿಕ್ಕರೂ ನನ್ನ ಎಮ್ಮೆ ವಾದ ಬಿದ್ದುಹೋಗುತ್ತದೆ. ಇನ್ನೊಂದು, ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ‘ಎಕ್ಕುಟ್ಟು’ ಬಳಸುತ್ತೀರಾ? ಇಲ್ಲದಿದ್ದರೆ ಆ ಜಾಗದಲ್ಲಿ ಯಾವ ಗಿಡ ಹುಟ್ಟಿಸುತ್ತೀರಿ?